ಸಕ್ಕರೆ ಸೇರಿಸದ ಚಿಕ್ಕಿ

ಜವಳಿ ವ್ಯಾಪಾರಿ ವಿರೂಪಾಕ್ಷಪ್ಪನವರ ರಕ್ತದಲ್ಲಿ ಸಕ್ಕರೆ ಮತ್ತೆ ಏರಿತ್ತು. ಅಪರಾಧಿ ಯಾರೆಂಬುದನ್ನು ಅವರು ಕೂಡಲೇ ನಿರ್ಧರಿಸಿದರು.

“ಸಾರಿಗೆ ಕದ್ದು ಬೆಲ್ಲ ಹಾಕ್ತಿರೋಳು ನೀನೇ,” ಎಂದು ಅಡುಗೆಯವಳ ಮೇಲೆ ಗುಡುಗಿದರು. “ನಾನು ಕುಡಿಯೋದು ಸೂಪರ್‌ಮಾರ್ಕೆಟ್ಟಿನ ದ್ರಾಕ್ಷಿ ಜ್ಯೂಸ್. ಸಕ್ಕರೆ ಸೇರಿಸಿಲ್ಲ ಅಂತ ಬಾಟಲಿ ಮೇಲೇ ಅಚ್ಚು ಹಾಕಿದಾರೆ. ನಾಳೆಯಿಂದ ಕೆಲಸಕ್ಕೆ ಬರಬೇಡ!”

“ಆಗಲಿ ಯಜಮಾನ್ರೇ. ಹೋಗೋ ಮುಂಚೆ ನಿಮಗೆ ಇಷ್ಟವಾದ ಚಿಕ್ಕಿ ಮಾಡಿಕೊಡ್ತೀನಿ. ಸಕ್ಕರೆ, ಬೆಲ್ಲ ಮುಟ್ಟಲ್ಲ. ಅಮ್ಮಾವ್ರು ಪಕ್ಕದಲ್ಲೇ ನಿಂತು ನೋಡ್ಲಿ.”

ಅವಳು ಅದೇ ಜ್ಯೂಸಿನ ಬಾಟಲಿಗಳನ್ನು ಬಾಣಲೆಗೆ ಸುರಿದು, ಗಟ್ಟಿ ಪಾಕವಾಗುವವರೆಗೆ ಕಾಯಿಸಿ, ಹುರಿದ ಕಡಲೆಬೀಜ ಬೆರೆಸಿ ತಟ್ಟಿದಳು.

ಚೂರೊಂದನ್ನು ನಾಲಿಗೆಗೆ ಮುಟ್ಟಿಸಿದ ಯಜಮಾನರು ವಿಜಯೋತ್ಸಾಹದಿಂದ ಕೂಗಿದರು: “ಸಿಕ್ಕಿಬಿದ್ದೆ! ಎಷ್ಟು ಸಕ್ಕರೆ ಸೇರಿಸಿದೆ?” ಮತ್ತೂ ಖಾತ್ರಿಪಡಿಸಿಕೊಳ್ಳಲು ದೊಡ್ಡ ತುಂಡನ್ನೇ ಬಾಯಿಗೆ ತುರುಕಿಕೊಂಡರು.

“ಬಾಟಲಿಯವರೂ ಸೇರಿಸಿಲ್ಲವಂತೆ, ನಾನೂ ಸೇರಿಸಿಲ್ಲ. ನಿಮ್ಮ ಜ್ಯೂಸಿನ ನೀರು ಇಂಗಿಸಿದೆ, ಅಷ್ಟೇ.”

“ಹೌದು ರೀ, ನಾನೇ ನೋಡಿದೆ,” ಎಂದರು ಹೆಂಡತಿ.

ಎದುರುತ್ತರ ಕೊಡಲು ಅವರು ಬಾಯಿ ತೆರೆಯಲೆತ್ನಿಸಿದರು. ಪಾಕವು ಹಲ್ಲುಗಳನ್ನು ಬಿಗಿಯಾಗಿ ಹಿಡಿದಿತ್ತು.

“ಹಾಗಾದ್ರೆ ನಾಳೆ ಎಂದಿನ ಹಾಗೇ ಬರಲಾ ಯಜಮಾನ್ರೇ?”

“ಹೂಂ,” ಎಂಬುದೊಂದೇ ಹೊರಬಂದಿತು. ಅವರು ನಾಚಿದರೆಂದೂ ಜನ ಹೇಳುತ್ತಾರೆ; ಅದನ್ನು ಮಾತ್ರ ನಂಬುವುದು ಕಷ್ಟ.