ಕರೆದ್ರಾ ಸ್ವಾಮಿ?

ಹನ್ನೆರಡು ಡಜನ್ ಗಾಜಿನ ಬಳೆ. ಒಂದು ಒಡೆದು ಬಂದರೂ ಅಪಶಕುನ, ಅಷ್ಟನ್ನೂ ವಾಪಸ್ ಕಳಿಸುತ್ತೇವೆ ಎಂದು ಮದುವೆ ಮನೆಯವರು ಮೊದಲೇ ಹೇಳಿದ್ದರು.

ದಾವಣಗೆರೆಯಲ್ಲಿ ಆಗ ಕಾರುಗಳು ಕಮ್ಮಿ, ಗುಂಡಿಗಳು ಮಾತ್ರ ಈಗಿನಷ್ಟೇ. ನಮ್ಮ ಬಳೆ ಅಂಗಡಿಯ ಚಮನ್ ಸಾಬ್ ಮೋಟಾರ್ ಸೈಕಲ್ ಓಡಿಸುತ್ತಿದ್ದ. ಮದುವೆ ಮನೆಗೆ ಕೊಡಬೇಕಾದ ಬಳೆಯ ಪೆಟ್ಟಿಗೆಯನ್ನು ನಾನು ಹಿಂದೆ ಕೂತು ತಬ್ಬಿಕೊಂಡಿದ್ದೆ.

ಮಂಡಿಪೇಟೆಯಲ್ಲಿ ಹಿಂದಿನಿಂದ ಒಂದು ಕಾರು ಬಿಡದೆ ಹಾರ್ನ್ ಹೊಡೆಯಿತು. ಚಮನ್ ಗಾಡಿ ನಿಲ್ಲಿಸಿದ. ನನ್ನನ್ನು ಇಳಿಸಿ, ಕಾರಿನ ಕಿಟಕಿಗೆ ಹೋಗಿ ಕೈಮುಗಿದ.

"ಕರೆದ್ರಾ ಸ್ವಾಮಿ?"

"ಯಾರಯ್ಯ ನಿನ್ನ ಕರೆದಿದ್ದು? ಸೈಡ್ ಬಿಡು!"

"ಎರಡೂ ಕಡೆ ಎತ್ತಿನ ಗಾಡಿ ನಿಂತಿವೆ. ಜಾಗ ಸಿಕ್ಕ ಕೂಡಲೇ ಬಿಡ್ತೀನಿ."

ಹತ್ತು ಮಾರು ಹೋಗಿಲ್ಲ, ಮತ್ತೆ ಹಾರ್ನ್. ಚಮನ್ ಮತ್ತೆ ಇಳಿದು ಹೋದ. "ಕರೆದ್ರಾ ಸ್ವಾಮಿ?"

ಅಂಗಡಿ ಕಟ್ಟೆಗಳ ಮೇಲಿದ್ದವರೆಲ್ಲ ನಕ್ಕರು. ಕಾರಿನವರ ಮುಖ ಕೆಂಪಾಯಿತು.

"ಏನಿದೆಯಯ್ಯ ಆ ಪೆಟ್ಟಿಗೇಲಿ?"

"ಮದುಮಗಳ ಬಳೆ. ಹಾರ್ನ್ ಕೇಳಿ ಗಾಬರಿಯಾದ್ರೆ ಗುಂಡಿಗೆ ಇಳಿಸಿಬಿಡ್ತೀನಿ. ಅದಕ್ಕೇ ನಿಲ್ಲಿಸಿ ಕೇಳೋದು."

ಅವರು ಹಾರ್ನ್ ಮೇಲಿಂದ ಕೈ ತೆಗೆದರು. ಸುಮ್ಮನೆ ಹಿಂದೆ ಬಂದರು. ಅಷ್ಟರಲ್ಲಿ ಅವರ ಬೆನ್ನಿಗೇ ಒಂದು ಲಾರಿ ಬಂದು ಭೋಂ ಎಂದಿತು. ಕಾರಿನವರು ತಲೆ ಹೊರಹಾಕಿ ಕೂಗಿದರು:

"ಏನಯ್ಯ, ಕರೆದೆಯಾ? ಮುಂದೆ ಬಳೆ ಹೋಗ್ತಿದೆ, ತಡಿ!"

ಪೇಟೆ ದಾಟಿದ್ದೇ ಚಮನ್ ಬದಿಗೆ ಸರಿದು ದಾರಿ ಬಿಟ್ಟ. ಕಾರಿನವರು ಕೈಯೆತ್ತಿ ಹೋದರು. ಈಗ ಆ ರಸ್ತೆಯಲ್ಲಿ ಹಾಗೆ ಕೈಯೆತ್ತುವವರನ್ನು ನಾನು ಕಂಡಿಲ್ಲ.

ಅಂದಿನ ಲೆಕ್ಕ ಇಷ್ಟು: ಕೊಟ್ಟದ್ದು ಹನ್ನೆರಡು ಡಜನ್, ಒಡೆದದ್ದು ಒಂದೂ ಇಲ್ಲ, ಮೇಲೆ ಬಂದದ್ದು ಒಂದು ನಮಸ್ಕಾರ.