ಏಳನೇ ಬಿಲದ ಆನೆ

ಒಂದಾನೊಂದು ಕಂಪ್ಯೂಟರಿನ ಮೆಮೊರಿಯಲ್ಲಿ ಬಂದವರಿಗೆಲ್ಲ ಬಿಲ ಹಂಚುವ ಕೆಲಸ ಒಂದು ಹೆಗ್ಗಣದ್ದು. ಹಾಡು ಬರಲಿ, ಚಿತ್ರ ಬರಲಿ, ಖಾಲಿ ಬಿಲಗಳ ಬುಟ್ಟಿಗೆ ಕೈಹಾಕಿ ಸಂಖ್ಯೆ ಬರೆದ ಕಲ್ಲೊಂದನ್ನು ಕೊಟ್ಟುಬಿಡುತ್ತಿತ್ತು. ಯಾರಾದರೂ "ಬಿಲ ಬಿಟ್ಟೆ" ಎಂದರೆ ಆ ಸಂಖ್ಯೆ ಬರೆದ ಹೊಸ ಕಲ್ಲೊಂದನ್ನು ಬುಟ್ಟಿಗೆ ಹಾಕುತ್ತಿತ್ತು.

ಒಂದು ದಿನ ಮರೆಗುಳಿ ಹಾಡೊಂದು ಏಳನೇ ಬಿಲ ಬಿಟ್ಟೆನೆಂದು ಎರಡು ಸಲ ಹೇಳಿ ಹೋಯಿತು. ಹೆಗ್ಗಣ ಎರಡು ಕಲ್ಲು ಹಾಕಿತು. ಆಮೇಲೆ ಮಡಿಸಿದ ಪತ್ರವೊಂದು ಬಂದು, "ರಾಯರೇ, ನಾನು ನಿಮಗೇ ಬಂದಿದ್ದು" ಎಂದಿತು.

"ಪುರುಸೊತ್ತಿಲ್ಲ, ಆಮೇಲೆ ಓದುತ್ತೇನೆ" ಎಂದು ಹೆಗ್ಗಣ ಅದನ್ನು ಏಳನೇ ಬಿಲಕ್ಕೆ ಅಟ್ಟಿತು. ಹಿಂದೆಯೇ ಬಂದ ಆನೆಯ ಚಿತ್ರಕ್ಕೂ ಏಳನೇ ಬಿಲವೇ ಸಿಕ್ಕಿತು. ಕಂಪ್ಯೂಟರು ಗರಬಡಿದಂತೆ ನಿಂತುಹೋಯಿತು.

ದೋಷ ಹೆಕ್ಕಿ ತೆಗೆಯುವ ಕೋಳಿ ಬಂತು.

"ತಪ್ಪೆಲ್ಲ ಬಿಲದಲ್ಲಿರುವವರದ್ದು" ಎಂದಿತು ಹೆಗ್ಗಣ. "ನನ್ನ ಮೇಲೆ ಇಂದಿನವರೆಗೂ ಒಂದೇ ಒಂದು ದೂರಿಲ್ಲ!"

ಕೋಳಿ ಏಳನೇ ಬಿಲ ಕೆದಕಿ, ಏಳೆಂದು ಬರೆದ ಎರಡು ಕಲ್ಲು ತಂದಿಟ್ಟಿತು. "ಕಲ್ಲು ಹಾಕುವ ಮುಂಚೆ, ಅದೇ ಸಂಖ್ಯೆ ಬುಟ್ಟಿಯಲ್ಲಿದೆಯೇ ಎಂದು ಇನ್ನುಮುಂದೆ ನೋಡಿ."

"ನೋಡುತ್ತ ಕೂತರೆ ಕೆಲಸ ನಿಧಾನವಾಗುವುದಿಲ್ಲವೇ?"

"ಈಗ ನಿಂತೇ ಹೋಗಿದೆಯಲ್ಲ!"

ಕೋಳಿ ಆನೆಯನ್ನು ಪಕ್ಕಕ್ಕೆ ಸರಿಸಿತು. ಅಡಿಯಲ್ಲಿ ಅಪ್ಪಚ್ಚಿಯಾಗಿದ್ದ ಪತ್ರದಲ್ಲಿ ಒಂದೇ ಸಾಲು ಉಳಿದಿತ್ತು: "ರಾಯರೇ, ತಾವು ಆಗಾಗ ಒಂದೇ ಬಿಲವನ್ನು ಇಬ್ಬರಿಗೆ ಕೊಡುತ್ತಿದ್ದೀರಿ."

"ದೂರು ಬಂದಿತ್ತು ರಾಯರೇ" ಎಂದಿತು ಕೋಳಿ. "ತಾವೇ ಅದರ ಮೇಲೆ ಆನೆ ಕೂರಿಸಿದಿರಿ."