ತಿಖೊಗೊರ್ಸ್ಕಿನ ಬೆಚ್ಚನೆಯ ಅರಮನೆ

ರಷ್ಯಾದ ತಿಖೊಗೊರ್ಸ್ಕ್ ನಗರವನ್ನು ನೋಡಲು ಬರುವವರು ಮೊದಲ ದಿನವನ್ನು ಸಾಮಾನ್ಯವಾಗಿ ನದಿಯ ಈಚೆ ದಡದಲ್ಲೇ ಕಳೆಯುತ್ತಾರೆ. ಹಳೆಯ ಕೋಟೆ, ಕೋಟೆಯೊಳಗಿನ ಮೂರು ಚರ್ಚುಗಳು, ಹಿಂದೆ ಕುದುರೆಲಾಯವಾಗಿದ್ದು ಈಗ ವಸ್ತುಸಂಗ್ರಹಾಲಯವಾಗಿರುವ ಕೆಂಪು ಕಟ್ಟಡ, ಅಲ್ಲಿನ ಗಾಜಿನ ಪೆಟ್ಟಿಗೆಗಳಲ್ಲಿ ಮುತ್ತು ಪೋಣಿಸಿದ ಪಾದ್ರಿಗಳ ನಿಲುವಂಗಿಗಳು, ಇವನ್ನೆಲ್ಲ ನೋಡುವುದರೊಳಗೆ ಸಂಜೆಯಾಗಿಬಿಡುತ್ತದೆ. ಎರಡನೆಯ ದಿನ ಶೂರ್ಗಾ ನದಿಯ ಸೇತುವೆ ದಾಟಿ ಎದುರಿನ ದಿಬ್ಬವನ್ನು ಹತ್ತುತ್ತಾರೆ. ದಿಬ್ಬದ ಮೇಲೆ ಇರುವುದು ಎರಡೇ ಕಟ್ಟಡ. ಒಂದು, ಐದು ಗುಮ್ಮಟಗಳ ಬಿಳಿಯ ಕೆಥೆಡ್ರಲ್. ಇನ್ನೊಂದು, ಅದಕ್ಕೆ ಎದುರಾಗಿ ನಿಂತಿರುವ ಹಳದಿ ಬಣ್ಣದ ಉದ್ದನೆಯ ಅರಮನೆ. ಬಾಗಿಲ ಪಕ್ಕದ ಅಮೃತಶಿಲೆಯ ಫಲಕದಲ್ಲಿ ‘ಪ್ರಯಾಣದ ಅರಮನೆ’ ಎಂದು ಕೆತ್ತಿದೆ. ಆದರೆ ಆ ಹೆಸರಿನಿಂದ ಅದನ್ನು ಕರೆಯುವವರು ಊರಿನಲ್ಲಿ ಒಬ್ಬರೂ ಸಿಗಲಾರರು. ಬಸ್ಸಿನವರಿಂದ ಹಿಡಿದು ಶಾಲೆಯ ಮೇಷ್ಟರವರೆಗೆ ಎಲ್ಲರ ಬಾಯಲ್ಲೂ ಅದು ‘ಬೆಚ್ಚನೆಯ ಅರಮನೆ’. ಒಳಗೆ ಕಾಲಿಟ್ಟವರಿಗೆ ಈ ಹೆಸರು ಯಾರೋ ಮಾಡಿದ ಕುಚೋದ್ಯದಂತೆ ಕಾಣುತ್ತದೆ. ಏಕೆಂದರೆ ಇಡೀ ತಿಖೊಗೊರ್ಸ್ಕಿನಲ್ಲಿ ಅಷ್ಟು ತಣ್ಣನೆಯ ಕಟ್ಟಡ ಇನ್ನೊಂದಿಲ್ಲ. ನಡುಬೇಸಿಗೆಯ ಜುಲೈ ತಿಂಗಳಲ್ಲಿ ಕೂಡ ಅದರ ಗೋಡೆ ಮುಟ್ಟಿದರೆ ಬಾವಿಯ ಒಳಗಲ್ಲನ್ನು ಮುಟ್ಟಿದಂತಾಗುತ್ತದೆ. ಚಳಿಗಾಲದಲ್ಲಂತೂ ಆಡಿದ ಮಾತು ಹಬೆಯಾಗಿ ಮುಖದ ಮುಂದೆ ನಿಲ್ಲುತ್ತದೆ.

ಆ ಊರಿನ ಔಷಧ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ ನಾನು ನಮ್ಮ ಕಡೆಯಿಂದ ಬಂದ ಅತಿಥಿಗಳನ್ನು ಎಷ್ಟೋ ಸಲ ಆ ದಿಬ್ಬಕ್ಕೆ ಕರೆದೊಯ್ದಿದ್ದೇನೆ. ಹೆಸರಿನ ವಿಷಯ ಕೇಳಿದಾಗಲೆಲ್ಲ ಹಾರಿಕೆಯ ಉತ್ತರ ಕೊಡುತ್ತಿದ್ದೆ. ಕೊನೆಗೆ ಅದರ ಕಥೆಯನ್ನು ನನಗೆ ಹೇಳಿದವರು ಅಂತೋನಿನಾ ಸವೆಲ್ಯೆವ್ನಾ ಎಂಬ ವೃದ್ಧೆ. ಅರಮನೆಯಲ್ಲಿ ಔತಣದ ಕುಣಿತಕ್ಕೆಂದು ಮಾಡಿದ ನಾಟ್ಯಶಾಲೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು, ಕೋಟಿನ ಮೇಲೆ ಉಣ್ಣೆಯ ಶಾಲು ಹೊದ್ದು, ಬಂದುಹೋಗುವವರ ಮೇಲೆ ಕಣ್ಣಿಡುವುದು ಅವರ ಕೆಲಸ. ಅವರ ತಾಯಿಯೂ ಅದೇ ಕೆಲಸದಲ್ಲಿದ್ದರಂತೆ. “ಪುಸ್ತಕದಲ್ಲಿ ಇದು ಸಿಗುವುದಿಲ್ಲ. ಇದನ್ನು ಬರೆಯಬೇಕಾದವರು ಆಗ ಬರೆಯಲಿಲ್ಲ. ನಮ್ಮ ಜನ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದದ್ದು,” ಎಂದು ಅವರು ಮೊದಲೇ ತಿಳಿಸಿದರು. ಅವರಿಂದ ಕೇಳಿದ್ದನ್ನು, ನನ್ನ ಕಡೆಯಿಂದ ಏನನ್ನೂ ಸೇರಿಸದೆ, ಇಲ್ಲಿ ಬರೆದಿದ್ದೇನೆ.

ಹಿಂದೊಮ್ಮೆ, ರಷ್ಯಾವನ್ನು ಮಹಾರಾಣಿಯೊಬ್ಬಳು ಆಳುತ್ತಿದ್ದ ಕಾಲದಲ್ಲಿ, ಈ ಪ್ರಾಂತ್ಯಕ್ಕೆ ವೆರೆಝಿನ್ ಎಂಬವನು ರಾಜ್ಯಪಾಲನಾಗಿದ್ದನು. ಮಹಾರಾಣಿಯು ಮರುವರ್ಷದ ಚಳಿಗಾಲದಲ್ಲಿ ಪೂರ್ವದ ಪ್ರಾಂತ್ಯಗಳ ಪ್ರವಾಸ ಕೈಗೊಳ್ಳುವಳೆಂದೂ ದಾರಿಯಲ್ಲಿ ಒಂದು ರಾತ್ರಿ ತಿಖೊಗೊರ್ಸ್ಕಿನಲ್ಲಿ ತಂಗುವಳೆಂದೂ ರಾಜಧಾನಿಯಿಂದ ಅವನಿಗೆ ಸುದ್ದಿ ಬಂತು. ಆ ಒಂದು ರಾತ್ರಿಗಾಗಿ ಅವನು ನದಿಯಾಚೆಯ ದಿಬ್ಬದ ಮೇಲೆ ಕೆಥೆಡ್ರಲ್ ಎದುರಿಗೆ ಅರಮನೆ ಕಟ್ಟಿಸಲು ತೊಡಗಿದನು. ಸುತ್ತಲಿನ ಹಳ್ಳಿಗಳಿಂದ ಇನ್ನೂರಕ್ಕೂ ಹೆಚ್ಚು ಆಳುಗಳನ್ನು ಹಿಡಿದು ತರಿಸಲಾಯಿತು. ಹದಿನಾರು ತಿಂಗಳಲ್ಲಿ ಅರಮನೆ ಎದ್ದುನಿಂತಿತು. ಆದರೆ ಅವಸರದಲ್ಲಿ ಕಟ್ಟಿದ ಗೋಡೆಗಳು ಒಣಗಿರಲಿಲ್ಲ. ರೇಷ್ಮೆಯ ಗೋಡೆಬಟ್ಟೆಯ ಹಿಂದಿನಿಂದ ನೀರು ಜಿನುಗುತ್ತಿತ್ತು. ಕಿಟಕಿಗಳ ಒಳಮೈಯಲ್ಲಿ ಹಿಮ ಕಟ್ಟುತ್ತಿತ್ತು. ಇಂಥ ಮನೆಯಲ್ಲಿ ಮಹಾರಾಣಿ ಮಲಗಿ ಎದ್ದರೆ ತನ್ನ ಗತಿಯೇನಾದೀತೆಂದು ವೆರೆಝಿನನಿಗೆ ದಿಗಿಲು ಹತ್ತಿತು.

ಅವನ ಜಮೀನಿನಲ್ಲಿ ಕೊಂದ್ರಾತಿ ಎಂಬ ಒಲೆ ಕಟ್ಟುವವನಿದ್ದನು. ಅಡುಗೆಯ ಒಲೆಯಲ್ಲ. ಆ ಸೀಮೆಯಲ್ಲಿ ಮನೆ ಕಾಯಿಸಲೆಂದೇ ಸೂರಿನೆತ್ತರಕ್ಕೆ ಇಟ್ಟಿಗೆಯ ಒಲೆ ಕಟ್ಟಿ ಅದಕ್ಕೆ ಬಣ್ಣದ ಹಂಚು ಹೊದಿಸುತ್ತಾರೆ. ಹೊಗೆ ಒಳಗೊಳಗೇ ಸುತ್ತಿ ಹೊರಹೋಗುವಷ್ಟರಲ್ಲಿ ಇಟ್ಟಿಗೆಯೆಲ್ಲ ಕಾದು ದಿನವಿಡೀ ಶಾಖ ಕೊಡುತ್ತದೆ. ಆ ವಿದ್ಯೆಯಲ್ಲಿ ಕೊಂದ್ರಾತಿಯನ್ನು ಮೀರಿಸಿದವರಿರಲಿಲ್ಲ ಎನ್ನುತ್ತಾರೆ. ಐವತ್ತು ದಾಟಿದ ವಯಸ್ಸು, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಇದ್ದವಳು ಒಬ್ಬಳೇ ಮಗಳು, ಉಸ್ತಿನ್ಯಾ. ತಂದೆ ಮಗಳಿಬ್ಬರೂ ವೆರೆಝಿನನ ಜೀತದವರು, ಎಂದರೆ ಅವನ ದನಕರುಗಳಂತೆಯೇ ಅವನ ಸೊತ್ತು. ಕಸೂತಿಯಲ್ಲಿ ಕೈ ನುರಿತ ಉಸ್ತಿನ್ಯಾಳನ್ನು ವೆರೆಝಿನ್ ತನ್ನ ಮಗಳ ಮದುವೆಯ ಬಳುವಳಿಯ ಜೊತೆಗೆ ಉರಾಲ್ ಬೆಟ್ಟಗಳ ಆಚೆಗೆ ಕಳಿಸಿಕೊಡಲು ನಿಶ್ಚಯಿಸಿದ್ದನು. ಹಾಗೆ ಹೋದವರು ಮತ್ತೆ ಬಂದ ಉದಾಹರಣೆ ಇರಲಿಲ್ಲ. ವೆರೆಝಿನ್ ಕೊಂದ್ರಾತಿಯನ್ನು ಕರೆಸಿ, “ಒಂಬತ್ತು ಒಲೆ ಕಟ್ಟು. ಗೋಡೆ ಒಣಗಬೇಕು. ಮಹಾರಾಣಿ ಒಂದು ರಾತ್ರಿ ಬೆಚ್ಚಗೆ ಮಲಗಿ ಎದ್ದುಹೋದರೆ ನಿನ್ನ ಮಗಳ ಬಿಡುಗಡೆಯ ಕಾಗದಕ್ಕೆ ರುಜು ಹಾಕುತ್ತೇನೆ. ನೆಲದ ಮೇಲೆ ಒಂದು ಗೀರು ಬಿದ್ದರೂ ಆ ಕಾಗದ ಇಲ್ಲ,” ಎಂದನು. ಕಾಗದವನ್ನು ಬರೆಸಿ ತೋರಿಸಿಯೂ ತೋರಿಸಿದನು. ಕೊಂದ್ರಾತಿಗೆ ಓದಲು ಬರುತ್ತಿರಲಿಲ್ಲ. ಮಗಳ ಹೆಸರು ಎಲ್ಲಿದೆ ಎಂದು ಕೇಳಿ, ಆ ಜಾಗವನ್ನು ದೂರದಿಂದಲೇ ನೋಡಿ ಬಂದನು.

ಅವನು ಒಂಬತ್ತು ಒಲೆಗಳನ್ನು ಕಟ್ಟಿದನು. ನವೆಂಬರಿನಲ್ಲಿ ಹೊತ್ತಿಸಿದ ಬೆಂಕಿಯನ್ನು ಆರಗೊಡಲಿಲ್ಲ. ಅರಮನೆಯಲ್ಲೇ ಒಂದು ಮೂಲೆಯಲ್ಲಿ ಮಲಗಿ, ಹೊತ್ತುಹೊತ್ತಿಗೆ ಎದ್ದು ಸೌದೆ ಹಾಕುತ್ತ, ನಾಟ್ಯಶಾಲೆಯ ಚಿತ್ತಾರದ ಮರದ ನೆಲದ ಮೇಲೆ ಬರಿಗಾಲಿನಲ್ಲೇ ಓಡಾಡುತ್ತ ಮೂರು ತಿಂಗಳು ಕಳೆದನು. ಫೆಬ್ರವರಿಯ ಹೊತ್ತಿಗೆ ಗೋಡೆಗಳು ಒಣಗಿದವು. ಹೊರಗೆ ಉಗುಳಿದರೆ ನೆಲ ಮುಟ್ಟುವುದರೊಳಗೆ ಹೆಪ್ಪುಗಟ್ಟುವ ಚಳಿ ಇದ್ದಾಗಲೂ ಒಳಗೆ ಅಂಗಿಯೊಂದರಲ್ಲೇ ಕೂರಬಹುದಾಗಿತ್ತು. ಆಳುಗಳನ್ನು ಮಾತ್ರ ವೆರೆಝಿನ್ ಊರಿಗೆ ಬಿಟ್ಟಿರಲಿಲ್ಲ. ಮಹಾರಾಣಿಯ ಜಾರುಬಂಡಿಗೆ ದಿಬ್ಬದ ದಾರಿಯ ಹಿಮ ತೆಗೆಯಲು ಅವರು ಬೇಕಾಗಿದ್ದರು. ಕೆಥೆಡ್ರಲಿನ ಹಿಂದೆ ಹಲಗೆಯ ಗುಡಿಸಲುಗಳಲ್ಲಿ ಅವರನ್ನು ತುಂಬಿದ್ದರು. ನದಿ ಹೆಪ್ಪುಗಟ್ಟಿತ್ತು. ಆಗ ಸೇತುವೆ ಇರಲಿಲ್ಲ. ಮಂಜುಗಡ್ಡೆಯ ಮೇಲೆ ನೆಟ್ಟ ಕಂಬಗಳ ಗುರುತು ಹಿಡಿದೇ ನಗರಕ್ಕೆ ಹೋಗಿಬರಬೇಕಿತ್ತು.

ಮಹಾರಾಣಿ ಬರುವುದಕ್ಕೆ ಎಂಟು ದಿನಗಳಿವೆ ಎನ್ನುವಾಗ, ಒಂದು ಬುಧವಾರ ಬೆಳಿಗ್ಗೆ, ಹಿಮಗಾಳಿ ಎದ್ದಿತು. ಮಧ್ಯಾಹ್ನದ ವೇಳೆಗೆ ಚಾಚಿದ ಕೈ ಕಾಣದಾಯಿತು. ನದಿಯ ಮೇಲಿನ ಕಂಬಗಳು ಹೂತುಹೋದವು. ನಗರದತ್ತ ಹೊರಟ ನಾಲ್ವರು ಆಳುಗಳು ಹಿಂದಿರುಗಲಿಲ್ಲ. ಗುಡಿಸಲುಗಳ ಮಾಡು ಹಾರಿಹೋದಾಗ ಜನ ಕೆಥೆಡ್ರಲಿನ ಬಾಗಿಲು ಒಡೆದು ಒಳಹೊಕ್ಕರು. ಆದರೆ ಅದು ಬೇಸಿಗೆಯ ಪೂಜೆಗಷ್ಟೇ ಬಳಸುತ್ತಿದ್ದ ಕೆಥೆಡ್ರಲ್. ಅದಕ್ಕೆ ಒಲೆಯೇ ಇರಲಿಲ್ಲ. ಕಲ್ಲಿನ ನೆಲ, ಆಳೆತ್ತರದ ಕಿಟಕಿಗಳು, ಎತ್ತರದ ಗುಮ್ಮಟ. ಗುರುವಾರ ಬೆಳಗಾಗುವಷ್ಟರಲ್ಲಿ ಸಂತರ ಚಿತ್ರಗಳ ಕೆಳಗೆ ಹನ್ನೊಂದು ಮಂದಿ ಕೂತಲ್ಲೇ ಮರಗಟ್ಟಿ ಸತ್ತಿದ್ದರು.

ಉಸ್ತಿನ್ಯಾ ಅಪ್ಪನಿಗೆ ಬುತ್ತಿ ತಂದವಳು ಗಾಳಿಗೆ ಸಿಕ್ಕಿ ದಿಬ್ಬದ ಮೇಲೆಯೇ ಉಳಿದಿದ್ದಳು. ಗುರುವಾರ ಬೆಳಿಗ್ಗೆ ಅವಳು ಗೋಡೆ ಹಿಡಿದುಕೊಂಡು ಕೆಥೆಡ್ರಲಿಗೆ ಹೋಗಿ, ಅಲ್ಲಿದ್ದುದನ್ನು ನೋಡಿ ಅರಮನೆಗೆ ಮರಳಿದಳು. ಕೊಂದ್ರಾತಿ ನಾಟ್ಯಶಾಲೆಯ ದೊಡ್ಡ ಒಲೆಯ ಮುಂದೆ ಕೂತಿದ್ದನು.

“ಅಪ್ಪ, ಬಾಗಿಲು ತೆಗೆಯಬೇಕು,” ಎಂದಳು.

ಕೊಂದ್ರಾತಿ ಅವಳತ್ತ ನೋಡಲಿಲ್ಲ. “ಗಾಳಿ ಇಳಿಯುತ್ತದೆ. ಮಧ್ಯಾಹ್ನದೊಳಗೆ ಇಳಿಯುತ್ತದೆ,” ಎಂದನು.

“ನಿನ್ನೆಯೂ ಹಾಗೆಯೇ ಅಂದೆ. ಹನ್ನೊಂದು ಜನ ಹೋದರು. ನಿನಗೆ ಹಂಚು ಹೊತ್ತು ಕೊಡುತ್ತಿದ್ದ ಪಾಂಫಿಲ್ ಹೋದ. ಎದೆಗೆ ಅವಚಿಕೊಂಡ ಅವನ ಕೈ ಬಿಡಿಸಲು ಆಗಲಿಲ್ಲ.”

“ಇನ್ನೂರು ಜನ ಈ ನೆಲದ ಮೇಲೆ ಬೂಟು ಹಾಕಿಕೊಂಡು ನಡೆದರೆ ನಿನ್ನ ಕಾಗದ ಏನಾಗುತ್ತದೆ, ಗೊತ್ತೇನು ನಿನಗೆ?”

“ಗೊತ್ತು,” ಎಂದಳು ಉಸ್ತಿನ್ಯಾ. “ಕಾಗದ ನನ್ನದು ತಾನೆ? ನಾನೇ ಹೇಳುತ್ತಿದ್ದೇನೆ. ಅವರನ್ನು ಅಲ್ಲಿ ಬಿಟ್ಟು ನಾನು ಆ ಕಾಗದ ತೆಗೆದುಕೊಂಡರೆ ಆಮೇಲೆ ಅದನ್ನು ಹಿಡಿದುಕೊಂಡು ಎಲ್ಲಿಗೆ ಹೋಗಲಿ?”

ಕೊಂದ್ರಾತಿ ಎದ್ದು, ಬೀಗದ ಕೈ ತೆಗೆದುಕೊಂಡು, ದೊಡ್ಡ ಬಾಗಿಲಿನ ಎರಡೂ ರೆಕ್ಕೆಗಳನ್ನು ತೆರೆದನು. ಮಹಾರಾಣಿಗೆಂದೇ ಮಾಡಿದ ಬಾಗಿಲು ಅದು. ಅದುವರೆಗೆ ಅದನ್ನು ಯಾರೂ ತೆರೆದಿರಲಿಲ್ಲ. ಜನ ಹಿಮ ಹೊತ್ತ ಬೂಟುಗಳಲ್ಲಿ, ಕೊಡಲಿ ಗುದ್ದಲಿಗಳನ್ನು ಊರುಗೋಲು ಮಾಡಿಕೊಂಡು, ನಡೆಯಲಾರದವರನ್ನು ಎಳೆದುಕೊಂಡು ಒಳಗೆ ಬಂದರು. ಕೆಲವರು ಹೊಸ್ತಿಲಲ್ಲೇ ನಿಂತು, ಒಳಗೆ ಬರಬಹುದೇ ಎಂದು ಮತ್ತೆ ಮತ್ತೆ ಕೇಳಿದರಂತೆ. ಹಿಮಗಾಳಿ ನಾಲ್ಕು ದಿನ ನಿಲ್ಲಲಿಲ್ಲ. ಆ ನಾಲ್ಕು ದಿನವೂ ಕೊಂದ್ರಾತಿ ಒಲೆಗಳನ್ನು ಬಿಟ್ಟು ಅಲುಗಲಿಲ್ಲ. ಸೌದೆ ಮುಗಿದಾಗ ಕಟ್ಟಡದ ಕೆಲಸದ ಅಟ್ಟಣೆಯ ಮರಗಳನ್ನು ಸುಟ್ಟನು. ಅದೂ ಮುಗಿದಾಗ ಮಹಾರಾಣಿಯ ಊಟದ ಮೇಜನ್ನು, ಚಿನ್ನದ ನೀರು ಕೊಟ್ಟ ಮೂವತ್ತಾರು ಕುರ್ಚಿಗಳನ್ನು ಒಡೆದು ಹಾಕಿದನು. ಉಸ್ತಿನ್ಯಾ ಗೋಡೆಯ ರೇಷ್ಮೆಯನ್ನು ಕಿತ್ತು, ಚಳಿಯಿಂದ ಕೊಳೆತ ಕಾಲ್ಬೆರಳುಗಳಿಗೆ ಸುತ್ತಿದಳು. ಒಳಗೆ ಬಂದವರಲ್ಲಿ ಮತ್ತೆ ಒಬ್ಬರೂ ಸಾಯಲಿಲ್ಲ ಎನ್ನುತ್ತಾರೆ. ಆ ದಿನಗಳಲ್ಲೇ, ಒಲೆಗೆ ಬೆನ್ನು ಕೊಟ್ಟು ಕೂತ ಆ ಜನರ ಬಾಯಲ್ಲಿ, ಅರಮನೆಗೆ ಈ ಹೆಸರು ಹುಟ್ಟಿತು.

ಸೋಮವಾರ ಗಾಳಿ ನಿಂತಿತು. ವೆರೆಝಿನ್ ನದಿ ದಾಟಿ ಬಂದನು. ಕೋಣೆಯಿಂದ ಕೋಣೆಗೆ ಹೋಗಿ ಎಲ್ಲವನ್ನೂ ನೋಡಿದನು. ಕೂಗಾಡಲಿಲ್ಲ.

“ದೊರೆ, ತಪ್ಪು ನನ್ನದು,” ಎಂದನು ಕೊಂದ್ರಾತಿ. “ಮಹಾರಾಣಿಯವರು ಬರುವಷ್ಟರಲ್ಲಿ ನೆಲ ಉಜ್ಜಿ ಸರಿ ಮಾಡುತ್ತೇವೆ. ಮಗಳದೇನೂ ತಪ್ಪಿಲ್ಲ.”

“ಮಹಾರಾಣಿ ಬರುವುದಿಲ್ಲ,” ಎಂದನು ವೆರೆಝಿನ್. “ದಕ್ಷಿಣದ ದಾರಿ ಹಿಡಿದಿದ್ದಾರೆ. ಮಂಗಳವಾರವೇ ನನಗೆ ಪತ್ರ ಬಂದಿತ್ತು.”

ಮಂಗಳವಾರವೆಂದರೆ ಗಾಳಿ ಏಳುವುದಕ್ಕೆ ಒಂದು ದಿನ ಮೊದಲು. ಅಂದೇ ಆಳುಗಳನ್ನು ಮನೆಗೆ ಕಳಿಸಿದ್ದರೆ ಹದಿನೈದು ಜನ ಬದುಕಿರುತ್ತಿದ್ದರು. ಪತ್ರ ಓದಿದ ವೆರೆಝಿನ್ ಅವಮಾನದಿಂದ ಬಾಗಿಲು ಹಾಕಿಕೊಂಡು ಕೂತಿದ್ದನಂತೆ. ದಿಬ್ಬದ ಮೇಲಿನ ಜನರ ನೆನಪು ಅವನಿಗೆ ಬರಲಿಲ್ಲ. ಉಸ್ತಿನ್ಯಾ ಆ ಮಾತು ಕೇಳಿ ಅಪ್ಪನ ತೋಳು ಹಿಡಿದು ನಿಂತಳು. ವಾರ ಕಳೆಯುವುದರೊಳಗೆ ಅವಳನ್ನು ಬಳುವಳಿಯ ಗಾಡಿಗಳ ಜೊತೆ ಪೂರ್ವಕ್ಕೆ ಕಳಿಸಿಬಿಟ್ಟರು. ಸತ್ತವರಲ್ಲಿ ಸಿಕ್ಕ ಹನ್ನೊಂದು ಜನರನ್ನು ನೆಲ ಕರಗಿದ ಮೇಲೆ ಕೆಥೆಡ್ರಲಿನ ಉತ್ತರದ ಗೋಡೆಯ ಬದಿಗೆ ಹೂಳಿದರು. ನದಿಗೆ ಹೋದ ನಾಲ್ವರ ಹೆಣ ಕೊನೆಗೂ ಸಿಗಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಅರಮನೆಯ ಹೊಸ ಹೆಸರು ಊರಿನೊಳಗೆ ಹಬ್ಬಿತು. ಸಂತೆಯಲ್ಲಿ, ಚರ್ಚಿನಲ್ಲಿ, ಕೊನೆಗೆ ತನ್ನ ಮನೆಯ ಆಳುಗಳ ಬಾಯಲ್ಲೂ ವೆರೆಝಿನ್ ಅದನ್ನೇ ಕೇಳಬೇಕಾಯಿತು. ಆ ಹೆಸರನ್ನು ಯಾರೂ ಆಡಕೂಡದೆಂದು ಡಂಗುರ ಹೊಡೆಸಿದನು. ‘ಪ್ರಯಾಣದ ಅರಮನೆ’ ಎಂಬ ಅಮೃತಶಿಲೆಯ ಫಲಕ ಹಾಕಿಸಿದನು. ಜನ ಕೇಳಲಿಲ್ಲ. ಆಗ ಅವನು ಕೊಂದ್ರಾತಿಯನ್ನು ಕರೆಸಿ, ಒಂಬತ್ತು ಒಲೆಗಳ ಹೊಗೆಗೂಡುಗಳನ್ನೂ ಒಳದಾರಿಗಳನ್ನೂ ಇಟ್ಟಿಗೆಯಿಂದ ಮುಚ್ಚಿಬಿಡಬೇಕೆಂದು, ಮತ್ತೆ ಯಾರಿಂದಲೂ ಅಲ್ಲಿ ಬೆಂಕಿ ಹೊತ್ತಿಸಲಾಗಬಾರದೆಂದು ಅಪ್ಪಣೆ ಮಾಡಿದನು. ಬೇರೊಬ್ಬನಿಂದ ಮಾಡಿಸಬಹುದಿತ್ತು. ಆದರೆ ಅವನೇ ಮಾಡಬೇಕೆಂಬುದು ಶಿಕ್ಷೆ. ಕೊಂದ್ರಾತಿ ತಾನು ಕಟ್ಟಿದ್ದನ್ನು ತಾನೇ ಮುಚ್ಚಿದನು. ದಿನಕ್ಕೊಂದರಂತೆ ಒಂಬತ್ತು ದಿನ. ಕೆಲಸದಲ್ಲಿ ಎಲ್ಲಿಯೂ ಕೊರತೆ ಮಾಡಲಿಲ್ಲ. ಮುಂದೆ ನೂರು ವರ್ಷದಲ್ಲಿ ಮೂರು ಸಲ ಆ ಒಲೆಗಳನ್ನು ತೆರೆಯಲು ನೋಡಿದರಂತೆ. ಒಳದಾರಿಯ ಸುತ್ತುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ಯಾರಿಗೂ ತಿಳಿಯಲಿಲ್ಲ. ಒಡೆದರೆ ಗೋಡೆಯೇ ಕುಸಿಯುವಂತಿದ್ದುದರಿಂದ ಕೈಬಿಟ್ಟರು.

ಒಂಬತ್ತನೆಯ ಒಲೆ ಮುಚ್ಚಿದ ಮರುದಿನ ಕೊಂದ್ರಾತಿ ಊರಿನಲ್ಲಿರಲಿಲ್ಲ. ಅಪ್ಪಣೆಯಿಲ್ಲದೆ ಒಡೆಯನ ನೆಲ ಬಿಟ್ಟ ಜೀತದಾಳಿಗೆ ಚಾವಟಿಯ ಶಿಕ್ಷೆ ಎಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಹಿಮ ಕರಗಿ ಕೆಸರಾದ ದಾರಿಯಲ್ಲಿ, ಕರಣೆಯೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪೂರ್ವಕ್ಕೆ ನಡೆಯುತ್ತಿದ್ದ ಮುದುಕನೊಬ್ಬನನ್ನು ಕಂಡೆವೆಂದು ಅಲೆಮಾರಿ ವ್ಯಾಪಾರಿಗಳು ಹೇಳಿದರಂತೆ. ಹಳ್ಳಿಹಳ್ಳಿಗಳಲ್ಲಿ ಒಲೆ ರಿಪೇರಿ ಮಾಡಿಕೊಟ್ಟು ಊಟ ಪಡೆಯುತ್ತಿದ್ದನಂತೆ. ಉರಾಲ್ ದಾಟಿ ಮಗಳನ್ನು ಕಂಡನೆಂದು ನಗರದ ಕೆಲವರು ಹೇಳುತ್ತಾರೆ. ಇದು ನಿಜವೇ ಎಂದು ನಾನು ಕೇಳಿದಾಗ ಅಂತೋನಿನಾ ಸವೆಲ್ಯೆವ್ನಾ ಇಲ್ಲವೆಂಬಂತೆ ತಲೆಯಾಡಿಸಿದರು. “ಮಕ್ಕಳಿಗೆ ಹಾಗೆ ಹೇಳುತ್ತಾರೆ. ನನ್ನ ತಾಯಿಯೂ ನನಗೆ ಹಾಗೆಯೇ ಹೇಳಿದ್ದಳು. ನಾನು ದೊಡ್ಡವಳಾದ ಮೇಲೆ, ಅವನು ಮೊದಲ ಚಳಿಗಾಲವನ್ನೇ ದಾಟಲಿಲ್ಲ ಎಂದಳು,” ಎಂದರು.

ಇಂದು ಅರಮನೆಯನ್ನು ನೋಡಲು ಹೋದವರಿಗೆ ಬಾಗಿಲಲ್ಲಿ ಬೂಟಿನ ಮೇಲೆ ಹಾಕಿಕೊಳ್ಳಲು ಉಣ್ಣೆಯ ಚಪ್ಪಲಿ ಕೊಡುತ್ತಾರೆ, ನೆಲ ಸವೆಯದಿರಲೆಂದು. ನಾಟ್ಯಶಾಲೆಯ ಹೊಸ್ತಿಲಿಗೆ ಬಂದಾಗ ಮಾತ್ರ ಅವನ್ನು ಕಳಚಿ ಬುಟ್ಟಿಗೆ ಹಾಕಿ ಒಳಗೆ ಹೋಗಬಹುದು. ಉಳಿದ ಕೋಣೆಗಳ ನೆಲವನ್ನು ಎಂದೋ ದುರಸ್ತಿ ಮಾಡಿದರು, ಇಲ್ಲಿಯದನ್ನು ಮುಟ್ಟಲಿಲ್ಲ. ಹೂಬಳ್ಳಿಯ ಚಿತ್ತಾರದ ಮರದ ಮೇಲೆ ಬೂಟಿನ ಮೊಳೆಗಳ ಗುರುತುಗಳಿವೆ, ಗುದ್ದಲಿ ಎಳೆದ ಗೀರುಗಳಿವೆ, ಕಿಡಿ ಬಿದ್ದು ಸುಟ್ಟ ಕಲೆಗಳಿವೆ. ಗೋಡೆಯ ಬದಿಗಳಲ್ಲಿ ವಿರಳವಾಗಿದ್ದು ದೊಡ್ಡ ಒಲೆಯ ಹತ್ತಿರ ಬಂದಂತೆ ಅವು ಒತ್ತೊತ್ತಾಗುತ್ತವೆ. ಅವುಗಳ ನಡುವೆ, ಸೌದೆ ತರುತ್ತಿದ್ದ ಪಕ್ಕದ ಬಾಗಿಲಿನಿಂದ ಒಲೆಯ ಬಾಯಿಯವರೆಗೆ, ಒಬ್ಬ ಮನುಷ್ಯ ನಡೆಯುವಷ್ಟೇ ಅಗಲದ ಒಂದು ದಾರಿ ಇದೆ. ಅಲ್ಲಿ ಚಿತ್ತಾರವೆಲ್ಲ ಸವೆದುಹೋಗಿ ಬರೀ ಮರ ಉಳಿದಿದೆ. ಅದರ ಸುತ್ತ ಹಗ್ಗ ಕಟ್ಟಿಲ್ಲ, ಪಕ್ಕದಲ್ಲಿ ಸೂಚನೆಯ ಹಲಗೆಯಿಲ್ಲ, ಅಂತೋನಿನಾ ಸವೆಲ್ಯೆವ್ನಾ ಕೂಡ ಏನನ್ನೂ ಹೇಳುವುದಿಲ್ಲ. ಆದರೂ ಒಳಗೆ ಬಂದ ಜನ ಆ ದಾರಿಯ ಮೇಲೆ ಕಾಲಿಡದೆ, ತಾವಾಗಿಯೇ ಬಳಸಿಕೊಂಡು ಹೋಗುತ್ತಾರೆ.